ಮತ್ತೊಂದು

ಮೊದಲು ಲೋಹ ಬಿಚ್ಚಿಡಬೇಕು.
ತಾಯತ, ಉಡಿದಾರದ ಬೆಳ್ಳಿ ಗುಂಡು,
ಅಂಗಿ ಜೇಬಿನ ಎರಡು ನಾಣ್ಯ,
ಆಮೇಲೆ ಸೊಂಟದಿಂದ, ತುಸು ನಾಚಿಕೊಂಡು,
ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ.
ಹಿಡಿಯ ಮರ ಸವೆದು ಕನ್ನಡಿ.

'ಇದನ್ನೂ ಎಳ್ಕೊಳ್ತದಾ ನಿಮ್ಮ ಮಿಶಿನ್ನು?'
'ಬಾಗಿಲಿಂದಲೇ ಎಳ್ಕೊಳ್ತದೆ,' ಅಂದೆ.
ದುದ್ದದ ಮೊಗಣ್ಣ ಮೊದಲ ಸಲ ನಕ್ಕ:
'ಹಂಗಾದ್ರೆ ನಮ್ಮ ಮಂಡಿಗೊಂದು ಕೊಡಿ.'

ಕೊಕ್ಕೆ ಈಗ ಹೊರಗೆ ಬೆಂಚಿನಲ್ಲಿ
ಜೊತೆಗಾರ ಪ್ಯಾರೇಜಾನನ ತೊಡೆಯ ಮೇಲೆ
ಕೂಸಿನ ಹಾಗೆ.

ಹಾಸನ, ಬಿ.ಎಂ. ರಸ್ತೆ, ನೆಲಮಹಡಿ, ರಾತ್ರಿ ಒಂಬತ್ತೂಕಾಲು.
ಬಲ ಹೆಗಲು. ವಯಸ್ಸು, ಐವತ್ತಿರಬಹುದು ಅಂತ ಬರೆಸಿದ್ದಾನೆ.
ಜಲಂಧರದಿಂದ ಬಂದ ಲಾರಿ, ಬಿತ್ತನೆ ಆಲೂಗಡ್ಡೆ,
ನೆಂದ ಹಲಗೆ, ಜಾರಿದ ಕಾಲು.
ಹದಿನೆಂಟು ದಿನ ಆಯಿತು.
ಡಾಕ್ಟರು ಕೈ ಎತ್ತು ಅಂದರೆ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತದಂತೆ.
ಮಂಡಿ ಸಾಹುಕಾರರು ಮಾತ್ರ
ಎರಡೂ ಕೈ ಸಲೀಸಾಗಿ ಎತ್ತಿದ್ದಾರೆ:
'ವಿಮೆಯವರು ಏನಂತಾರೋ ಅದು.'

ವಿಮೆಯವರು ಕೇಳಿರುವುದು ಒಂದೇ,
ಹರಿದದ್ದು ಹೊಸದೋ ಹಳೆಯದೋ.

'ಅಲ್ಲಾಡಬೇಡಿ. ಇಪ್ಪತ್ತೈದು ನಿಮಿಷ.'
ಹಸೆಮಣೆಯ ಮೇಲೂ ಇಷ್ಟು ಹೊತ್ತು ಸುಮ್ಮನಿರಲಿಲ್ಲ ಅಂದ.
ಭಯವಾದರೆ ಅದುಮಲು ರಬ್ಬರಿನ ಬುಗ್ಗೆ ಎಡಗೈಗೆ ಕೊಟ್ಟೆ.
ಈ ಹಲಗೆಯೂ ಜಾರಿತು,
ಸದ್ದಿಲ್ಲದೆ, ಒಳಕ್ಕೆ.

ಗಾಜಿನ ಈಚೆ ನಾನು.
ಯಂತ್ರ ಬಡಿಯತೊಡಗಿತು, ಡಗ್ ಡಗ್ ಡಗ್ ಡಗ್,
ತಡೆದು, ಟರ್ರ್ ಅಂತ ಉದ್ದಕ್ಕೊಮ್ಮೆ,
ಮತ್ತೆ ಡಗ್ ಡಗ್.
ಮೈಕಿನಲ್ಲಿ ಅವನ ದನಿ, ತೆಳ್ಳಗೆ:
'ಲಾಭ... ಎರಡು... ಮೂರು...'
ಸದ್ದನ್ನೆಲ್ಲ ಮೂಟೆ ಮಾಡಿ ಇಳಿಸುತ್ತಿದ್ದಾನೆ.
'...ಐದು... ಆರು... ಮತ್ತೊಂದು... ಎಂಟು...'
ಏಳು ಅನ್ನುವುದಿಲ್ಲ. ನಮ್ಮಜ್ಜಿಯೂ ಅನ್ನುತ್ತಿರಲಿಲ್ಲ,
ಕಣದಲ್ಲಿ ರಾಗಿ ಅಳೆಯುವಾಗ.
ಏಳು ಅಂದರೆ ಲಕ್ಷ್ಮಿ ಎದ್ದೇ ಹೋಗುತ್ತಾಳೆ.
ಮಾತಾಡಬೇಡಿ ಅನ್ನಬೇಕಿತ್ತು. ಉಸಿರು ಏರುಪೇರಾದರೆ ಚಿತ್ರ ಮಸುಕು.
ಅನ್ನಲಿಲ್ಲ.
ಒಂದು ಸುತ್ತು ಹಾಳಾದರೆ ಆಗಲಿ ಬಿಡು.

ತೆರೆಯ ಮೇಲೆ ಹೆಗಲು, ಪದರ ಪದರ,
ಮೂರು ಮಿಲಿಮೀಟರಿಗೊಂದು ಸೀಳು.
ನೀರು ಬೆಳಗುವ ಚಿತ್ರದಲ್ಲಿ
ಕೀಲಿನ ಪಕ್ಕ ಬೆಳ್ಳಗೆ ಒಂದು ಮಡು.
ಅದು ಹದಿನೆಂಟು ದಿನದ್ದು, ಆ ಲಾರಿಯದ್ದು, ಆ ಹಲಗೆಯದ್ದು.
ಅಷ್ಟೇ ಆಗಿದ್ದರೆ ಸಾಕಿತ್ತು.

ಮುಂದಿನದು ಕೊಬ್ಬು ಬೆಳಗುವ ಚಿತ್ರ.
ತೋಳನ್ನು ಮೇಲೆತ್ತುವ ಸ್ನಾಯು,
ಎಲುಬಿನ ಗೂಡಿನ ತುಂಬ ಇರಬೇಕಾದದ್ದು,
ಚಿಪ್ಪಿನೊಳಗಿನ ಒಣ ಹುಣಸೆಯ ಹಾಗೆ ಸಡಿಲ,
ನಡುನಡುವೆ ಬಿಳಿ ಎಳೆ ಎಳೆ.
ಹದಿನೆಂಟು ದಿನದಲ್ಲಿ ಹೀಗಾಗುವುದಿಲ್ಲ.
ಇದಕ್ಕೆ ವರುಷಗಳು ಬೇಕು,
ಗುಳಿಗೆ ನುಂಗಿ, ಎಣ್ಣೆ ತಿಕ್ಕಿ,
ಎಡಗೈಯಲ್ಲಿ ಬಲಗೈ ಎತ್ತಿಕೊಂಡು
ಅಂಗಿ ತೊಟ್ಟ ಬೆಳಗುಗಳು ಬೇಕು.

ನಾನು ಟೆಕ್ನಿಷಿಯನ್ನು. ಓದುವವರು ಮೈಸೂರಿನಲ್ಲಿದ್ದಾರೆ.
ಕಂಡದ್ದನ್ನೇ ಬರೆಯುತ್ತಾರೆ, ಸುಳ್ಳು ಬರೆಯುವವರಲ್ಲ:
ಹಳೆಯ ಹರುಕು, ಅದರ ಮೇಲೆ ಹೊಸ ಪೆಟ್ಟು.
ವಿಮೆಯವರು ಮೊದಲ ಎರಡು ಪದ ಓದಿ
ಕಡತ ಮುಚ್ಚುತ್ತಾರೆ.
ಹಳೆಯದು ಯಾರದ್ದು ಅಂತ ಕೇಳಲು ಕಾಲಂ ಇಲ್ಲ.
ಯಾವ ಲಾರಿಯದ್ದು, ಯಾವ ವರ್ಷದ ಫಸಲಿನದ್ದು,
ಯಾರ ತಟ್ಟೆಯ ಪಲ್ಯದ್ದು.
ನನ್ನದೂ ಇರಬಹುದು. ಬೆಳಿಗ್ಗೆ ಚಪಾತಿ ಜೊತೆ ತಿಂದಿದ್ದೆ.

'ಏನ್ ಕಾಣಿಸ್ತು ಮೇಡಮ್ಮೋರೆ?'
ಹೇಳುವ ಹಾಗಿಲ್ಲ ನಾನು.
'ನಾಳೆ ಸಂಜೆ ರಿಪೋರ್ಟು ಬರುತ್ತೆ.'
'ಲೆಕ್ಕ ನೂರ ನಲವತ್ತಕ್ಕೆ ನಿಲ್ತು,' ಅಂದ,
'ಮುಕ್ಕಾಲು ಲಾರಿ ಇಳಿಸಿದಂಗೆ.'

ಹಲಗೆ ಹೊರಗೆ ಬಂದಿತ್ತು. ಇನ್ನೂ ಮಲಗೇ ಇದ್ದ,
ನನ್ನ ಅಪ್ಪಣೆಗೆ ಕಾಯುತ್ತ.
ದಿನಕ್ಕೆ ಹತ್ತು ಸಲ ಯೋಚಿಸದೆ ಆಡುವ ಆ ಪದ
ತುಟಿಗೆ ಬಂದದ್ದನ್ನು ನುಂಗಿದೆ.
ಬೆನ್ನ ಕೆಳಗೆ ಕೈ ಕೊಟ್ಟು
'ಮತ್ತೊಂದು,' ಅಂದೆ.

ಅವನಿಗೆ ತಿಳಿಯಿತು.
ಎಡಗೈ ಊರಿ ಎದ್ದ.